ಏಂಜಲ್ ಮೀನು ಗಟ್ಟಿಯಾ, ನಾಜೂಕಾ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಏಂಜಲ್ ಮೀನಿನವೇ. ಒಬ್ಬರ ಮನೆಯಲ್ಲಿ ಬಂದ ವಾರಕ್ಕೇ ಸತ್ತಿದೆ, ಇನ್ನೊಬ್ಬರ ಮನೆಯಲ್ಲಿ ಮೂರು ವರ್ಷ ಚೆನ್ನಾಗಿದ್ದು ಹಬ್ಬದ ದಿನ ಸತ್ತಿದೆ, ಮತ್ತೊಬ್ಬರಿಗೆ ಮೊಟ್ಟೆಯ ಚಿಂತೆ. ಹಾಗಾಗಿ ಈ ಕಂತು ಪೂರ್ತಿ ಏಂಜಲ್‌ಗೇ ಬಿಟ್ಟಿದ್ದೇನೆ. ಫೈಟರ್‌ನವರು, ಗಪ್ಪಿಯವರು ಮುಂದಿನ ತಿಂಗಳವರೆಗೆ ಸ್ವಲ್ಪ ಕಾಯಿರಿ.

ಪ್ರಶ್ನೆ: ಟ್ಯಾಂಕ್ ತಂದ ದಿನವೇ ನಾಲ್ಕು ಏಂಜಲ್ ಕೂಡ ತಂದು ಬಿಟ್ಟೆವು. ಎರಡಡಿ ಟ್ಯಾಂಕ್. ಫಿಲ್ಟರ್ ಇದೆ, ದಿನಾ ಎರಡು ಹೊತ್ತು ಆಹಾರ ಹಾಕುತ್ತಿದ್ದೆವು. ಹತ್ತು ದಿನದೊಳಗೆ ನಾಲ್ಕೂ ಹೋದವು. ಅಂಗಡಿಯವರು ‘ಏಂಜಲ್ ತುಂಬಾ ನಾಜೂಕು, ಮೋಲಿ ತಗೊಂಡು ಹೋಗಿ’ ಅಂತಾರೆ. ನಿಜಾನಾ ಮೇಡಂ?
— ಓದುಗರು, ದಾವಣಗೆರೆ

ಉತ್ತರ: ಇಲ್ಲ. ನಿಮ್ಮ ಮೀನು ಸತ್ತಿದ್ದು ಅದು ನಾಜೂಕು ಅಂತಲ್ಲ, ಟ್ಯಾಂಕ್ ಹೊಸದು ಅಂತ. ಆ ನೀರಿನಲ್ಲಿ ಮೋಲಿಯೂ ಒದ್ದಾಡುತ್ತಿತ್ತು.

ಮೀನು ತಿಂದದ್ದು ಅರಗಿದ ಮೇಲೆ ಕಿವಿರುಗಳಿಂದ ಅಮೋನಿಯಾ ಹೊರಗೆ ಬಿಡುತ್ತದೆ. ತಳದಲ್ಲಿ ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ನದಿಯಲ್ಲಾದರೆ ಕೊಚ್ಚಿಕೊಂಡು ಹೋಗುತ್ತಿತ್ತು, ಗಾಜಿನ ಪೆಟ್ಟಿಗೆಯಿಂದ ಎಲ್ಲಿಗೆ ಹೋಗಬೇಕು? ಹಳೇ ಟ್ಯಾಂಕಿನ ಸ್ಪಾಂಜ್, ಕಲ್ಲು, ಗಾಜು ಎಲ್ಲದರ ಮೇಲೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಅಂಟಿಕೊಂಡಿರುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ವಿಷ. ಮೂರನೆಯದನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ, ವಾರ ವಾರ ಸ್ವಲ್ಪ ನೀರು ಬದಲಿಸಿದರೆ ಅದೂ ಕಮ್ಮಿಯಾಗುತ್ತದೆ. ಈ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀವು ಮೊದಲ ದಿನವೇ ನಾಲ್ಕು ಮೀನು ಬಿಟ್ಟಿರಿ, ಅಂದರೆ ಚರಂಡಿ ಹಾಕದ ಬಡಾವಣೆಗೆ ನಾಲ್ಕು ಸಂಸಾರ ತಂದು ಕೂರಿಸಿದ ಹಾಗಾಯಿತು. ಜೊತೆಗೆ ಎರಡು ಹೊತ್ತು ಊಟ ಬೇರೆ.

ನೆನಪು ಮಾಡಿಕೊಳ್ಳಿ: ಮೂರು ನಾಲ್ಕನೇ ದಿನದ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವಲ್ವಾ? ಬೆನ್ನಿನ ರೆಕ್ಕೆ ಮೈಗೆ ಅಂಟಿದಂತೆ ಮಡಚಿಕೊಂಡಿತ್ತಲ್ವಾ? ಮನೆಯವರು ಅದನ್ನು ‘ಹಸಿವಾಗಿದೆ ಪಾಪ’ ಅಂದುಕೊಂಡು ಇನ್ನೊಂದು ಚಿಟಿಕೆ ಹಾಕುತ್ತಾರೆ. ಆ ಚಿಟಿಕೆಯೇ ಮೀನಿಗೆ ಮುಳುವಾಗುವುದು.

ಮತ್ತೆ ಶುರು ಮಾಡುವುದಾದರೆ ಫಿಲ್ಟರ್ ಹಾಕಿ ಖಾಲಿ ಟ್ಯಾಂಕನ್ನೇ ಓಡಿಸಿ. ದಿನಾ ಒಂದು ಚೂರು ಮೀನಿನ ಆಹಾರ ಉದುರಿಸಿ, ಅದು ಕೊಳೆತು ಬ್ಯಾಕ್ಟೀರಿಯಾಗೆ ಊಟ ಆಗಲಿ. ಗೊತ್ತಿದ್ದವರ ಮನೆಯಲ್ಲಿ ರೋಗವಿಲ್ಲದ ಹಳೇ ಟ್ಯಾಂಕ್ ಇದ್ದರೆ ಅವರ ಹಳೇ ಸ್ಪಾಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿನಲ್ಲಿಡಿ. ತರುವಾಗ ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿಯೇ ತರಬೇಕು, ಒಣಗಿದರೆ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತವೆ. ಹೀಗೆ ಮಾಡಿದರೆ ವಾರಗಟ್ಟಲೆ ಕಾಯುವುದು ಎಷ್ಟೋ ತಪ್ಪುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಅಂತ ಟೆಸ್ಟ್ ಕಿಟ್ ತೋರಿಸಿದ ಮೇಲೆ ಎರಡು ಮರಿ ಬಿಡಿ. ನಾಲ್ಕಲ್ಲ, ಎರಡು.

ಟ್ಯಾಂಕಿನ ಎತ್ತರವೂ ನೋಡಿಕೊಳ್ಳಿ. ಅಂಗಡಿಯಲ್ಲಿ ನಾಣ್ಯದಷ್ಟಿರುವ ಏಂಜಲ್ ಬೆಳೆದ ಮೇಲೆ ರೆಕ್ಕೆ ಸೇರಿ ಮೇಲಿಂದ ಕೆಳಗೆ 20 ಸೆಂಟಿಮೀಟರ್ ದಾಟಬಹುದು. ಒಂದಡಿ ಎತ್ತರದ ಟ್ಯಾಂಕಿನಲ್ಲಿ ಅದು ಸೊರಗುತ್ತದೆ, ರೆಕ್ಕೆ ಬಾಗುತ್ತದೆ. ಒಂದೂವರೆ ಅಡಿ ಎತ್ತರ ಇರಲಿ.

ಇನ್ನು ಗಟ್ಟಿತನದ ಮಾತು. ಗಪ್ಪಿ, ಫೈಟರ್‌ಗಳಷ್ಟು ಒರಟಲ್ಲ, ಅದರ ನೆಂಟನೇ ಆದ ಡಿಸ್ಕಸ್‌ನಷ್ಟು ಸೂಕ್ಷ್ಮವೂ ಅಲ್ಲ. ಹೊಂದಿಕೊಂಡ ಟ್ಯಾಂಕಿನಲ್ಲಿ ಹತ್ತು ವರ್ಷದವರೆಗೂ ಬದುಕುವ ಮೀನಿದು. ಇದನ್ನು ನಾಜೂಕು ಅನ್ನುವುದು ಯಾಕೋ ಸರಿ ಕಾಣುವುದಿಲ್ಲ.

ಪ್ರಶ್ನೆ: ಮೂರು ವರ್ಷದಿಂದ ಮೂರು ಏಂಜಲ್ ಇದ್ದವು, ಒಂದು ದಿನವೂ ಹುಷಾರು ತಪ್ಪಿದ್ದಿಲ್ಲ. ನೀರು ಇಂಗಿದಾಗ ಮೇಲೆ ತುಂಬಿಸುತ್ತಿದ್ದೆವು ಅಷ್ಟೇ. ಗೌರಿ ಹಬ್ಬಕ್ಕೆ ನೆಂಟರು ಬರ್ತಾರೆ ಅಂತ ಮುಕ್ಕಾಲು ನೀರು ತೆಗೆದು, ಕಲ್ಲು ತೊಳೆದು, ಫಿಲ್ಟರ್ ಸ್ಪಾಂಜನ್ನು ನಲ್ಲಿ ಕೆಳಗೆ ಹಿಂಡಿ ಹಾಕಿದೆವು. ಸಂಜೆಗೆ ಎರಡು ಸತ್ತವು. ಕೊಳಕಿನಲ್ಲಿ ಬದುಕಿದ್ದ ಮೀನು ಶುದ್ಧ ನೀರಿನಲ್ಲಿ ಸಾಯುತ್ತಾ?
— ಗೃಹಿಣಿ, ಬೆಂಗಳೂರು

ಉತ್ತರ: ಸಾಯುತ್ತದೆ. ಏಂಜಲ್ ಬಗ್ಗೆ ಒಂದೇ ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ: ನಿಧಾನಕ್ಕೆ ಕೆಟ್ಟ ನೀರನ್ನು ಅದು ಬಹಳ ದಿನ ಸಹಿಸುತ್ತದೆ, ಒಂದೇ ಏಟಿಗೆ ಬದಲಾದ ನೀರನ್ನು ಸಹಿಸುವುದಿಲ್ಲ, ಬದಲಾವಣೆ ಒಳ್ಳೆಯದಕ್ಕೇ ಆಗಿದ್ದರೂ.

ಮೊದಲ ಅನುಮಾನ ಕ್ಲೋರಿನ್ ಮೇಲೆ. ನಲ್ಲಿ ನೀರನ್ನು ಹಾಗೇ ಸುರಿದರೆ ಅದು ಕಿವಿರುಗಳನ್ನು ಸುಡುತ್ತದೆ, ಕೆಲವೇ ಗಂಟೆ ಸಾಕು. ಮಳೆಗಾಲದಲ್ಲಿ ನೀರು ಕದಡಿದಾಗ ಕ್ಲೋರಿನ್ ಜಾಸ್ತಿ ಹಾಕುವುದೂ ಉಂಟು, ನಿಮ್ಮ ಗೌರಿ ಹಬ್ಬ ಬರುವುದೂ ಅದೇ ಸಮಯಕ್ಕೆ. ಬಕೆಟ್‌ನಲ್ಲಿ ಹಿಡಿದು ಏರ್ ಪಂಪ್ ಹಾಕಿ ರಾತ್ರಿಯಿಡೀ ಬಿಟ್ಟರೆ ಬಹುಪಾಲು ಹೋಗುತ್ತದೆ. ಅವಸರ ಇದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಗಳು.

ಎರಡನೆಯದು ಪಿಎಚ್ ಏರಿದ್ದು. ಪಿಎಚ್ ಅಂದರೆ ನೀರು ಎಷ್ಟು ಹುಳಿ ಅನ್ನುವ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಮೇಲೆ ಹೇಳಿದ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಮಾಡುತ್ತಾ ನೀರನ್ನು ಹುಳಿಯಾಗಿಸುತ್ತವೆ. ನೀರು ಬದಲಿಸದೆ ಬರೀ ಮೇಲೆ ತುಂಬಿಸುವ ಟ್ಯಾಂಕಿನಲ್ಲಿ ವರ್ಷಗಳಾದ ಮೇಲೆ ಪಿಎಚ್ 6ರ ಹತ್ತಿರ ಇಳಿದಿರುತ್ತದೆ. ಅಷ್ಟು ಹುಳಿ ನೀರಿನಲ್ಲಿ ಅಮೋನಿಯಾ ಇದ್ದರೂ ಹೆಚ್ಚು ಕಾಟ ಕೊಡುವುದಿಲ್ಲ, ಯಾಕೆಂದರೆ ಅದು ಅಮೋನಿಯಂ ಅನ್ನುವ, ಅಷ್ಟೇನೂ ವಿಷವಲ್ಲದ ರೂಪದಲ್ಲಿ ಇರುತ್ತದೆ. ನೀವು ಪಿಎಚ್ 8ರ ಹೊಸ ನೀರು ಸುರಿದ ತಕ್ಷಣ ಉಳಿದ ಕಾಲು ಭಾಗ ನೀರಿನಲ್ಲಿದ್ದದ್ದು ಮತ್ತೆ ವಿಷದ ರೂಪಕ್ಕೆ ತಿರುಗುತ್ತದೆ. ಲೆಕ್ಕ ಹೇಳುತ್ತೇನೆ. ನೀರು 25 ಡಿಗ್ರಿ ಇದ್ದಾಗ ಪಿಎಚ್ 7ರಲ್ಲಿ ನೂರು ಪಾಲಿನಲ್ಲಿ ಸುಮಾರು ಅರ್ಧ ಪಾಲು (ಶೇ. 0.5) ಮಾತ್ರ ವಿಷದ ಅಮೋನಿಯಾ, ಪಿಎಚ್ 8ರಲ್ಲಿ ಅದೇ ಐದು ಪಾಲು ದಾಟುತ್ತದೆ. ಒಂದಂಕಿ ಏರಿದರೆ ಹತ್ತು ಪಟ್ಟು! ಮೀನಿನ ಮೈಯೂ ಹುಳಿ ನೀರಿಗೆ ಒಗ್ಗಿಹೋಗಿತ್ತು, ಅದಕ್ಕೂ ಪೆಟ್ಟು.

ಮೂರನೆಯದು ಸ್ಪಾಂಜ್. ನಲ್ಲಿ ಕೆಳಗೆ ಹಿಂಡಿದಾಗ ಮೂರು ವರ್ಷದ ಬ್ಯಾಕ್ಟೀರಿಯಾ ಸಿಂಕಿನಲ್ಲಿ ಹೋಯಿತು. ಸ್ಪಾಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಿನ ಬಕೆಟ್‌ನಲ್ಲಿ ಅದ್ದಿ ಎರಡು ಸಲ ಹಿಂಡಿದರೆ ಸಾಕು. ಕಂದು ಬಣ್ಣ ಉಳಿದಿರಲಿ, ಅದು ಕೊಳೆಯಲ್ಲ.

ಉಳಿದ ಒಂದು ಮೀನಿಗೆ ಈಗ ಏನು ಮಾಡಬೇಕು ಅಂದರೆ, ಏರ್ ಪಂಪ್ ಜೋರಾಗಿಡಿ, ಎರಡು ವಾರ ಆಹಾರ ದಿನ ಬಿಟ್ಟು ದಿನ ಒಂದು ಚಿಟಿಕೆ, ದಿನಾ ಹತ್ತರಲ್ಲಿ ಒಂದು ಭಾಗ ನೀರನ್ನು ಕ್ಲೋರಿನ್ ತೆಗೆದು ಬದಲಿಸಿ. ಔಷಧಿ ಹಾಕಬೇಡಿ. ಅದಕ್ಕೆ ರೋಗ ಇಲ್ಲ. ಅದು ಸುಧಾರಿಸಿಕೊಂಡ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವ ಅಭ್ಯಾಸ ಇಟ್ಟುಕೊಳ್ಳಿ, ಆಗ ಹಬ್ಬಕ್ಕೆ ಅಂತ ಬೇರೆ ತೊಳೆಯುವ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ಏಂಜಲ್ ಅಮೆಜಾನ್ ಮೀನು, ಮೆದು ನೀರು ಬೇಕು, ಆರ್‌ಒ ನೀರೇ ಹಾಕಬೇಕು ಅಂತ ಓದಿದೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 900 ಇದೆ, ಸೌಟಿನ ಮೇಲೂ ಬಿಳಿ ಕಲೆ ಕೂರುತ್ತೆ. ಆಸೆ ಬಿಟ್ಟುಬಿಡಲಾ?
— ಶಿಕ್ಷಕರು, ವಿಜಯಪುರ

ಉತ್ತರ: ಬಿಡಬೇಡಿ ಸರ್. ನೀವು ಓದಿದ್ದು ಕಾಡಿನ ಮೀನಿನ ಕಥೆ. ಅಮೆಜಾನ್ ಕಡೆಯ ನಿಧಾನ ಹರಿವಿನ ನೀರಿನಲ್ಲಿ, ಮುಳುಗಿದ ಬೇರು ಗಿಡಗಳ ಸಂದಿಯಲ್ಲಿ ಅದು ಇರುತ್ತದೆ, ಅಲ್ಲಿನ ನೀರು ಮೆದುವೂ ಹೌದು, ಸ್ವಲ್ಪ ಹುಳಿಯೂ ಹೌದು. ಆದರೆ ನಮ್ಮ ಅಂಗಡಿಗಳಿಗೆ ಬರುವ ಏಂಜಲ್‌ಗಳ ಅಜ್ಜ ಮುತ್ತಜ್ಜ ಕೂಡ ಅಮೆಜಾನ್ ನೋಡಿರುವುದಿಲ್ಲ. ಚೆನ್ನೈನ ಕೊಳತ್ತೂರಿನಂಥ ಕಡೆ ತೊಟ್ಟಿಗಳಲ್ಲಿ, ಅಲ್ಲಿನದೇ ನೀರಿನಲ್ಲಿ ಹುಟ್ಟಿ ಬೆಳೆದವು ಇವು. ಪಿಎಚ್ 6.5ರಿಂದ 8ರ ಒಳಗೆ ಎಲ್ಲಿದ್ದರೂ ನಡೆಯುತ್ತದೆ, ಆದರೆ ಒಂದೇ ಕಡೆ ನಿಂತಿರಬೇಕು. ಇವತ್ತು 8, ನಾಳೆ ಯಾವುದೋ ಬಾಟಲಿ ಸುರಿದು 6.8, ನಾಡಿದ್ದು ಮತ್ತೆ 8 ಆದರೆ ಎಂಥ ಗಟ್ಟಿ ಮೀನೂ ಉಳಿಯುವುದಿಲ್ಲ. ಪಿಎಚ್ ಇಳಿಸುವ ಬಾಟಲಿ ಮಾತ್ರ ದಯವಿಟ್ಟು ಕೊಳ್ಳಬೇಡಿ.

ಬರೀ ಆರ್‌ಒ ನೀರು ಇನ್ನೂ ಅಪಾಯ. ಅದರಲ್ಲಿ ಲವಣವೇ ಇರುವುದಿಲ್ಲ, ಪಿಎಚ್ ಹಿಡಿದಿಡುವ ಶಕ್ತಿಯೂ ಇರುವುದಿಲ್ಲ, ಒಂದಿನ ದಿಢೀರ್ ಕುಸಿಯುತ್ತದೆ. ನಿಮ್ಮದು ನಿಜಕ್ಕೂ ಗಡಸು ನೀರು, ಹಾಗಾಗಿ ಅರ್ಧ ಬೋರ್‌ವೆಲ್, ಅರ್ಧ ಆರ್‌ಒ ಬೆರೆಸಿ. ಪ್ರತಿ ಸಲ ಅದೇ ಅಳತೆ ಇರಲಿ, ಬಕೆಟ್‌ಗೆ ಗುರುತು ಹಾಕಿಕೊಳ್ಳಿ. ನಿಮ್ಮೂರಿನ ಅಂಗಡಿಯಲ್ಲೇ ಎರಡು ವಾರ ಕಳೆದಿರುವ ಮೀನನ್ನು ಆರಿಸಿ, ಅದು ಅರ್ಧ ನಿಮ್ಮ ನೀರಿಗೆ ಒಗ್ಗಿರುತ್ತದೆ. ಮನೆಗೆ ತಂದ ಮೇಲೆ ಕವರಿನ ನೀರಿನ ಸಮೇತ ನೇರ ಟ್ಯಾಂಕಿಗೆ ಸುರಿಯಬೇಡಿ. ಮೀನನ್ನು ಅದೇ ನೀರಿನ ಜೊತೆ ಬಕೆಟ್‌ಗೆ ಹಾಕಿ, ಏರ್ ಪಂಪಿನ ತೆಳು ಪೈಪಿಗೆ ಒಂದು ಗಂಟು ಹಾಕಿ, ಟ್ಯಾಂಕಿನ ನೀರು ಹನಿಹನಿಯಾಗಿ ಬಕೆಟ್‌ಗೆ ಬೀಳುವಂತೆ ಮಾಡಿ. ಒಂದು ಗಂಟೆ ಹೀಗೆ ಬಿಟ್ಟು, ಆಮೇಲೆ ಮೀನನ್ನಷ್ಟೇ ಟ್ಯಾಂಕಿಗೆ ಬಿಡಿ. ಬಕೆಟ್‌ನ ನೀರು ಗಿಡಕ್ಕೆ.

ಒಂದು ಜಾತಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಆಲ್ಟಮ್ ಅಂತ ಎತ್ತರದ ಏಂಜಲ್ ಇದೆ, ಒರಿನೋಕೊ ನದಿಯ ಕಡೆಯದು. ಅದು ಬಹುಮಟ್ಟಿಗೆ ಕಾಡಿನಿಂದ ಹಿಡಿದು ತಂದದ್ದೇ ಆಗಿರುತ್ತದೆ, ಅದಕ್ಕೆ ಮೆದು, ಹುಳಿ, ಬೆಚ್ಚಗಿನ ನೀರೇ ಆಗಬೇಕು. ಅದರ ತಂಟೆಗೆ ಹೋಗಬೇಡಿ.

ಪ್ರಶ್ನೆ: ನಮ್ಮಲ್ಲಿ ಚಳಿ ಜಾಸ್ತಿ. ಹೀಟರ್ ಇಲ್ಲದೆ ಆಗಲ್ವಾ? ಹೋದ ಡಿಸೆಂಬರ್‌ನಲ್ಲಿ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದಿತ್ತು.
— ಓದುಗರು, ಮಡಿಕೇರಿ

ಉತ್ತರ: ಮಡಿಕೇರಿಯಲ್ಲಿ ಆಗಲ್ಲ. ಏಂಜಲ್‌ಗೆ 25ರಿಂದ 28 ಡಿಗ್ರಿ ಹಿತ. ಮಂಗಳೂರು, ಉಡುಪಿಯವರು ಹೀಟರ್ ಇಲ್ಲದೆ ವರ್ಷವಿಡೀ ತಳ್ಳಬಹುದು. ಬೆಂಗಳೂರು, ಮೈಸೂರಿನವರಿಗೆ ಡಿಸೆಂಬರ್, ಜನವರಿಯಲ್ಲಿ ಬೇಕು. ನಿಮಗೆ ಹೆಚ್ಚುಕಮ್ಮಿ ವರ್ಷಪೂರ್ತಿ. ಲೀಟರ್‌ಗೆ ಒಂದು ವ್ಯಾಟ್ ಲೆಕ್ಕ ಇಟ್ಟುಕೊಳ್ಳಿ, ನೂರು ಲೀಟರ್ ಟ್ಯಾಂಕಿಗೆ ನೂರು ವ್ಯಾಟಿನದು. ನೀರು ಬದಲಿಸುವ ಮುಂಚೆ ಸ್ವಿಚ್ ಆಫ್ ಮಾಡಿ, ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ.

ಬಿಳಿ ಚುಕ್ಕೆ ಒಂದು ಪರೋಪಜೀವಿಯ ಕೆಲಸ. ಚಳಿಗೆ ಮೀನು ಸೋತಾಗ ಹತ್ತುತ್ತದೆ. ಇಲ್ಲಿ ಏಂಜಲ್‌ನ ಗಟ್ಟಿತನ ಉಪಯೋಗಕ್ಕೆ ಬರುತ್ತದೆ, ಬಿಸಿಯನ್ನು ಅದು ಚೆನ್ನಾಗಿ ತಡೆಯುತ್ತದೆ. ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತಾ 30ಕ್ಕೆ ತನ್ನಿ, ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ ಕರಗುವುದರಿಂದ ಏರ್ ಪಂಪ್ ಜೋರು ಮಾಡಿ, ಬಿಳಿ ಚುಕ್ಕೆಯ ಔಷಧಿಯನ್ನು ಅದರ ಮೇಲೆ ಬರೆದ ಅಳತೆಯಲ್ಲೇ ಹಾಕಿ. ಚುಕ್ಕೆ ಮಾಯವಾದ ದಿನ ನಿಲ್ಲಿಸಬೇಡಿ. ಮೈಯಿಂದ ಉದುರಿದ್ದು ತಳದಲ್ಲಿ ಒಡೆದು ನೂರಾರು ಮರಿಯಾಗಿ ಮತ್ತೆ ಮೀನು ಹುಡುಕಿಕೊಂಡು ಬರುತ್ತದೆ, ಔಷಧಿಗೆ ಅದು ಸಿಗುವುದು ಈಜುವ ಆ ಹೊತ್ತಿನಲ್ಲಿ ಮಾತ್ರ. ಇನ್ನೂ ಒಂದು ವಾರ ಮುಂದುವರಿಸಿ.

ಪ್ರಶ್ನೆ: ಅಕ್ಕಾ, ನನ್ನ ಟ್ಯಾಂಕಿನಲ್ಲಿ ಹನ್ನೆರಡು ನಿಯಾನ್ ಟೆಟ್ರಾ ಇದ್ದವು, ಈಗ ಐದಿವೆ. ಹೆಣ ಸಿಗುತ್ತಿಲ್ಲ. ಏಂಜಲ್ ಎರಡಿವೆ, ತುಂಬಾ ಸಾಧು.
— ಪಿಯುಸಿ ವಿದ್ಯಾರ್ಥಿ, ತುಮಕೂರು

ಉತ್ತರ: ಆ ಸಾಧುಗಳ ಹೊಟ್ಟೆ ನೋಡು ತಮ್ಮಾ. ಹೆಸರು ಏಂಜಲ್, ಕುಲ ಸಿಕ್ಲಿಡ್. ಬಾಯಲ್ಲಿ ಹಿಡಿಸುವುದೆಲ್ಲ ಅದಕ್ಕೆ ಊಟ, ಅದರಲ್ಲೂ ರಾತ್ರಿ ದೀಪ ಆರಿದ ಮೇಲೆ. ಉಳಿದ ಐದನ್ನು ಬೇರೆ ಕಡೆ ಬಿಡು. ಜೊತೆಗೆ ಬೇಕಿದ್ದರೆ ತಳದಲ್ಲಿ ಓಡಾಡುವ ಕೋರಿಡೋರಾಸ್ ತಗೋ. ಟೈಗರ್ ಬಾರ್ಬ್ ಬೇಡ, ಅವು ಏಂಜಲ್‌ನ ಉದ್ದ ರೆಕ್ಕೆ ಕಚ್ಚಿ ಕಚ್ಚಿ ಮೋಟು ಮಾಡುತ್ತವೆ. ಅಂಗಡಿಯವರು ‘ಗಾಜು ಕ್ಲೀನ್ ಮಾಡತ್ತೆ’ ಅಂತ ಕೊಡುವ ಸಕ್ಕರ್ ಕೂಡ ಬೇಡ. ಅದು ಅಡಿಗಿಂತ ಉದ್ದ ಬೆಳೆಯುತ್ತದೆ, ರಾತ್ರಿ ಏಂಜಲ್‌ನ ಚಪ್ಪಟೆ ಮೈಗೆ ಅಂಟಿಕೊಂಡು ಲೋಳೆ ಕೆರೆಯುವುದೂ ಉಂಟು.

ಪ್ರಶ್ನೆ: ವಾಸ್ತು ಪ್ರಕಾರ ಎಂಟು ಗೋಲ್ಡ್ ಫಿಶ್, ಒಂದು ಕಪ್ಪು ಮೀನು ಇಡಬೇಕಂತೆ. ಆ ಕಪ್ಪು ಮೀನು ಬ್ಲ್ಯಾಕ್ ಏಂಜಲ್ ಆದರೆ ಆಗುತ್ತಾ?
— ಓದುಗರು, ಹುಬ್ಬಳ್ಳಿ

ಉತ್ತರ: ವಾಸ್ತು ನನಗೆ ಬರುವುದಿಲ್ಲ. ಮೀನಿನ ಪ್ರಕಾರ ಆಗುವುದಿಲ್ಲ. ಗೋಲ್ಡ್ ಫಿಶ್ ತಣ್ಣೀರಿನದು, ಏಂಜಲ್ ಬೆಚ್ಚಗಿನ ನೀರಿನದು. ಗೋಲ್ಡ್ ಫಿಶ್ ಗಲೀಜು ಬೇರೆ ಜಾಸ್ತಿ ಮಾಡುತ್ತದೆ. ಎಂಟು ಗೋಲ್ಡ್ ಫಿಶ್‌ಗೇ ಎಷ್ಟು ದೊಡ್ಡ ಟ್ಯಾಂಕ್ ಬೇಕು ಅಂತ ಕೇಳಿದ್ದರೆ ನೀವು ವಾಸ್ತುವನ್ನೇ ಬಿಡುತ್ತಿದ್ದಿರಿ.

ಪ್ರಶ್ನೆ: ಬೇಸಿಗೆಯಲ್ಲಿ ಆರಾರು ಗಂಟೆ ಕರೆಂಟ್ ಹೋಗುತ್ತೆ. ಏಂಜಲ್ ತಡೆಯುತ್ತಾ?
— ಓದುಗರು, ರಾಯಚೂರು ಜಿಲ್ಲೆ

ಉತ್ತರ: ಟ್ಯಾಂಕ್ ದೊಡ್ಡದಿದ್ದು ಮೀನು ಕಮ್ಮಿ ಇದ್ದರೆ ಸಾಮಾನ್ಯವಾಗಿ ತಡೆಯುತ್ತದೆ. ಆದರೆ ಫೈಟರ್ ಹಾಗೆ ಮೇಲಿನ ಗಾಳಿ ಕುಡಿದು ಬದುಕುವ ಅಂಗ ಇದಕ್ಕಿಲ್ಲ. ಬ್ಯಾಟರಿಯ ಸಣ್ಣ ಏರ್ ಪಂಪ್ ಒಂದಿರಲಿ, ಅದಕ್ಕೆ ಸ್ಪಾಂಜ್ ಫಿಲ್ಟರ್ ಜೋಡಿಸಿದರೆ ಮೀನಿಗೂ ಗಾಳಿ, ಬ್ಯಾಕ್ಟೀರಿಯಾಗೂ ಗಾಳಿ. ಕರೆಂಟ್ ಇಲ್ಲದಾಗ ಆಹಾರ ಹಾಕಬೇಡಿ. ಹೊರಗಿಡುವ ಮುಚ್ಚಿದ ಫಿಲ್ಟರ್ ನಿಮ್ಮದಾದರೆ, ಕರೆಂಟ್ ಬಂದ ಕೂಡಲೇ ಸ್ವಿಚ್ ಒತ್ತಬೇಡಿ. ಆರು ಗಂಟೆ ಗಾಳಿ ಇಲ್ಲದೆ ಒಳಗೆ ಕೊಳೆತ ನೀರು ನೇರ ಟ್ಯಾಂಕಿಗೆ ಬರುತ್ತದೆ. ಆ ನೀರನ್ನು ಚೆಲ್ಲಿ ಆಮೇಲೆ ಓಡಿಸಿ.

ಪ್ರಶ್ನೆ: ನಮ್ಮ ಜೋಡಿ ಫಿಲ್ಟರ್ ಪೈಪಿನ ಮೇಲೆ ಎರಡು ಸಲ ಮೊಟ್ಟೆ ಇಟ್ಟಿತು. ಎರಡೂ ಸಲ ಮಾರನೇ ದಿನಕ್ಕೆ ಎಲ್ಲ ಬೆಳ್ಳಗಾಯಿತು, ಆಮೇಲೆ ಅವೇ ತಿಂದು ಹಾಕಿದವು. ನೀರಿನ ದೋಷವಾ?
— ಓದುಗರು, ಶಿವಮೊಗ್ಗ

ಉತ್ತರ: ಮೊಟ್ಟೆ ಇಟ್ಟಿದೆ ಅಂದರೆ ನೀರು ಅದಕ್ಕೆ ಒಪ್ಪಿದೆ ಅಂತಲೇ ಅರ್ಥ. ಬೆಳ್ಳಗಾಗುವುದು ಫಲ ಕಟ್ಟದ ಮೊಟ್ಟೆ, ಅದಕ್ಕೆ ಬೂಷ್ಟು ಹಿಡಿಯುತ್ತದೆ. ಫಲ ಕಟ್ಟಿದ್ದು ತಿಳಿ ಜೇನಿನ ಬಣ್ಣದಲ್ಲೇ ಇದ್ದು, 27-28 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೆ ಒಡೆಯುತ್ತದೆ. ನಿಮ್ಮ ‘ಜೋಡಿ’ ಎರಡೂ ಹೆಣ್ಣಾಗಿರಬಹುದು. ಗಂಡು ಸಿಗದಿದ್ದರೆ ಎರಡು ಹೆಣ್ಣೇ ಜೋಡಿಯಾಗಿ ಮೊಟ್ಟೆ ಇಡುವುದು ಏಂಜಲ್‌ಗಳಲ್ಲಿ ಮಾಮೂಲು. ಮಾಮೂಲು ದಿನಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಮುಂದಿನ ಸಲ ಮೊಟ್ಟೆ ಇಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಇಣುಕುವ ಸಣ್ಣ ಕೊಳವೆ ನೋಡಿ: ಹೆಣ್ಣಿನದು ದಪ್ಪ, ಮೊಂಡು, ಗಂಡಿನದು ಸಣ್ಣ, ಚೂಪು. ಎರಡೂ ಮೊಂಡಾಗಿದ್ದರೆ ಉತ್ತರ ಸಿಕ್ಕಿತು.

ಗಂಡು ಇದ್ದೂ ಹೀಗಾದರೆ ಬರೀ ಎಳೆ ವಯಸ್ಸು. ಮೊದಲ ಕೆಲವು ಸಲ ಎಡವುತ್ತವೆ, ಗಾಬರಿಯಾಗಿ ತಿಂದೂ ಬಿಡುತ್ತವೆ. ಆಮೇಲೆ ನೋಡಿ, ಎರಡೂ ಸರದಿಯ ಮೇಲೆ ಪಕ್ಕದ ರೆಕ್ಕೆಯಿಂದ ಮೊಟ್ಟೆಗೆ ನೀರು ಬೀಸುತ್ತಾ, ಹಾಳಾದ ಒಂದೊಂದನ್ನೇ ಬಾಯಿಂದ ಹೆಕ್ಕಿ ತೆಗೆಯುತ್ತಾ ನಿಲ್ಲುತ್ತವೆ. ಉಳಿದ ಮೀನುಗಳನ್ನೆಲ್ಲ ಒಂದು ಮೂಲೆಗೆ ಅಟ್ಟಿರುತ್ತವೆ ಬೇರೆ. ಮರಿ ಮಾಡಲೇಬೇಕು ಅಂತಿದ್ದರೆ ಜೋಡಿಗೆ ಬೇರೆ ಟ್ಯಾಂಕ್ ಕೊಡಿ, ಮರಿ ಈಜಲು ಶುರು ಮಾಡುವ ಹೊತ್ತಿಗೆ ಆರ್ಟೀಮಿಯಾ (ಉಪ್ಪುನೀರಿನ ಸಿಗಡಿಯಂಥ ಪುಟ್ಟ ಜೀವಿ) ಮರಿಗಳನ್ನು ತಯಾರಿಟ್ಟುಕೊಳ್ಳಿ. ಪುಡಿ ಆಹಾರದಲ್ಲಿ ಅವು ಉಳಿಯುವುದು ಕಷ್ಟ.

ಪ್ರಶ್ನೆ: ಕೋಯಿ, ಮಾರ್ಬಲ್, ಬ್ಲ್ಯಾಕ್, ವೇಲ್ ಟೇಲ್ ಅಂತ ಎಷ್ಟೊಂದು ಬಗೆ. ಗಟ್ಟಿ ಯಾವುದು? ಅಂಗಡಿಯಲ್ಲಿ ಏನು ನೋಡಿ ಆರಿಸಬೇಕು?
— ಮೊದಲ ಸಲ ಸಾಕುವವರು, ಹಾಸನ

ಉತ್ತರ: ಮೊದಲ ಸಲಕ್ಕೆ ಸಾದಾ ಸಿಲ್ವರ್ ಇಲ್ಲವೇ ಮಾರ್ಬಲ್. ಸಿಲ್ವರ್ ಅಂದರೆ ಬೆಳ್ಳಿ ಮೈ, ಕಪ್ಪು ಪಟ್ಟೆ, ಮೂಲ ರೂಪಕ್ಕೆ ಹತ್ತಿರ. ಬಣ್ಣಕ್ಕಾಗಿ ಮತ್ತೆ ಮತ್ತೆ ಒಂದೇ ಬಳಗದಲ್ಲಿ ಕೂಡಿಸಿದ ಬಗೆಗಳಲ್ಲಿ ತ್ರಾಣ ಕಮ್ಮಿ. ಅಚ್ಚ ಕಪ್ಪು ಏಂಜಲ್ ನೋಡಲು ಚೆಂದ, ಆದರೆ ನಿಧಾನ ಬೆಳೆಯುತ್ತದೆ, ಮರಿಯಲ್ಲಿ ಜಾಸ್ತಿ ಸಾಯುತ್ತದೆ. ವೇಲ್ ಟೇಲ್‌ನ ಉದ್ದ ರೆಕ್ಕೆ ಸುಲಭಕ್ಕೆ ಹರಿಯುತ್ತದೆ.

ಅಂಗಡಿಯಲ್ಲಿ ಮೀನಿಗಿಂತ ಮೊದಲು ಆ ಟ್ಯಾಂಕ್ ನೋಡಿ. ತಳದಲ್ಲಿ ಒಂದು ಸತ್ತು ಬಿದ್ದಿದ್ದರೆ ಆ ಟ್ಯಾಂಕಿನ ಯಾವುದೂ ಬೇಡ. ಮೀನು ರೆಕ್ಕೆ ಬಿಚ್ಚಿ ನಿಂತಿರಬೇಕು, ಎರಡೂ ಕಿವಿರು ಮುಚ್ಚಳ ಒಂದೇ ಸಮ ಆಡಬೇಕು. ಎದುರಿನಿಂದ ನೋಡಿದಾಗ ಹಣೆ, ಹೊಟ್ಟೆ ಒಳಗೆ ಹೋಗಿರಬಾರದು. ಹಿಂದೆ ಬಿಳಿ ದಾರದಂಥ ಹಿಕ್ಕೆ ನೇತಾಡುತ್ತಿದ್ದರೆ ಕರುಳಿನ ಕಾಯಿಲೆ ಇರಬಹುದು, ಬಿಡಿ. ಆಮೇಲೆ ಅಂಗಡಿಯವರಿಗೆ ‘ಒಂದು ಚೂರು ಆಹಾರ ಹಾಕಿ ತೋರ್ಸಿ’ ಅನ್ನಿ. ಮುಖ ಸಿಂಡರಿಸಿದರೂ ಹಾಕುತ್ತಾರೆ. ನುಗ್ಗಿ ಬಂದು ತಿಂದದ್ದನ್ನು ಬೆರಳಿಟ್ಟು ತೋರಿಸಿ, ಅದನ್ನೇ ಹಿಡಿಸಿ. ಬಲೆಗೆ ಸುಲಭಕ್ಕೆ ಸಿಕ್ಕಿದ ಬೇರೆಯದನ್ನು ಕವರ್‌ಗೆ ಹಾಕಲು ನೋಡುತ್ತಾರೆ, ಒಪ್ಪಬೇಡಿ.